ಗುಟ್ಟಿಗೊಂದು ಚಿಟಿಕೆ ಉಪ್ಪು

ಶಿಡ್ಲಘಟ್ಟದಲ್ಲಿ ಶನಿವಾರ ಬಟವಾಡೆ.
ಫಿಲೇಚರಿನ ಬಾಗಿಲಲ್ಲಿ ಪ್ಯಾರೇಜಾನ್ ಸಾಬರು
ಕೆಂಪು ರಟ್ಟಿನ ಪುಸ್ತಕ ಬಿಚ್ಚಿ ಕೂಗುತ್ತಾರೆ:
ಪಿಳ್ಳಮ್ಮ, ಅಡ್ವಾನ್ಸು ಎಂಟು ಸಾವಿರ.
ಶಂಶಾದ್, ಎರಡು ದಿನ ರಜಾ.
ಅಕ್ಕಯ್ಯಮ್ಮ (ಅದು ನಮ್ಮಮ್ಮ)
ಇನ್ನೂ ಹದಿಮೂರು ಸಾವಿರ ಬಾಕಿ.
ಅಷ್ಟೂ ಹೆಂಗಸರು ಅಷ್ಟೂ ಹೆಂಗಸರ ಸಾಲ ಬಲ್ಲರು.
ಸಾಬರು ಒಳ್ಳೆಯವರೇ,
ಕೂಗದಿದ್ದರೆ ಚರಕದ ಸದ್ದಿನಲ್ಲಿ ಕೇಳಿಸುವುದಿಲ್ಲ, ಅಷ್ಟೆ.

ಡಿಪ್ಲೊಮಾ ಕೊನೆಯ ವರ್ಷದ ಪ್ರಾಜೆಕ್ಟಿಗೆ
ಆ ಪುಸ್ತಕವನ್ನೇ ವೆಬ್‌ಸೈಟು ಮಾಡಿದೆವು, ನಾನು ಮತ್ತು ಸಾದಿಕ್.
ಹೇಮಾವತಿ ಮೇಡಂ ಕನ್ನಡಕ ಮೇಲೆತ್ತಿ ನೋಡಿ
"ಮನೆ ಚೆನ್ನಾಗಿದೆ, ಬಾಗಿಲೇ ಇಲ್ಲವಲ್ಲಮ್ಮ,
ಲಾಗಿನ್ ಹಾಕು" ಅಂದರು.

ಬಾಗಿಲೆಂದರೆ ಎರಡು ಖಾಲಿ ಡಬ್ಬ, ಒಂದು ಬಟನ್ನು
ಅಂದುಕೊಂಡಿದ್ದೆ.
ಮೊದಲ ದಿನ ಅದು ಯಾರನ್ನೂ ಒಳಗೆ ಬಿಡಲಿಲ್ಲ, ನನ್ನನ್ನೂ.
ಎರಡನೆಯ ದಿನ ಎಲ್ಲರನ್ನೂ ಬಿಟ್ಟಿತು:
ಸಾದಿಕ್ ಕೀಬೋರ್ಡಿನ ಮೇಲೆ ಮೊಣಕೈ ಊರಿದ,
"ಸುಸ್ವಾಗತ, ಮಾಲೀಕರೇ" ಅಂತು.
ಎರಡು ಸಮ ಚಿಹ್ನೆ ಇರಬೇಕಾದಲ್ಲಿ ಒಂದೇ ಹಾಕಿದ್ದೆ.
ಒಂದಿದ್ದರೆ, ಇದು ಅದೇ ಆಗಲಿ ಅಂದಂತೆ.
ಎರಡಿದ್ದರೆ, ಇದು ಅದೇನಾ ಎಂದು ಕೇಳಿದಂತೆ.
ಅಟೆಂಡರು ಫ್ಯಾನು ಆರಿಸಿ ಬೀಗದ ಕೈ ಅಲ್ಲಾಡಿಸುವವರೆಗೂ
ಅದನ್ನೇ ಹುಡುಕಿದೆ.

ರಾತ್ರಿ ಪುಟ ತೆರೆದು ಅಮ್ಮನ ಕೈಗೆ ಫೋನು ಕೊಟ್ಟೆ.
ದಿನವಿಡೀ ಬಿಸಿನೀರಲ್ಲಿ ಗೂಡು ಅರಸಿದ ಬೆರಳು
ಬೆಳ್ಳಗೆ ಸುಕ್ಕಾಗಿ, ಪರದೆಗೆ ಅರ್ಥವಾಗುವುದಿಲ್ಲ.
ರೇಷನ್ ಅಂಗಡಿಯ ಯಂತ್ರಕ್ಕೂ ಇದೇ ಜಗಳ,
ತಿಂಗಳಿಗೊಮ್ಮೆ ನೀನು ನೀನಲ್ಲ ಅನ್ನುತ್ತದೆ.
ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು.
"ನಿನಗೆ ಮಾತ್ರ ಗೊತ್ತಿರೋದು ಏನಾದರೂ ಬರಿ."
"ನನಗೆ ಮಾತ್ರಾನಾ?"
ಒಲೆಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಕೂತಳು.
"ಆ ಕಡೆ ತಿರುಗು."
ತಿರುಗಿದೆ. ಏಳನೇ ಕ್ಲಾಸಿನ ಅಕ್ಷರ, ಒಂದೊಂದಾಗಿ
ಟಿಕ್, ಟಿಕ್.
ಚುಕ್ಕಿಗಳ ಸಾಲು ಕಂಡು ನಕ್ಕಳು:
"ಗೆರೆ ಎಳೆಯೋದು ಮರೆತ ರಂಗೋಲಿ."

ಬೆಳಿಗ್ಗೆ ಲ್ಯಾಬಿನಲ್ಲಿ ಟೇಬಲ್ಲು ತೆರೆದೆ,
ದಿನಾಂಕ ಸರಿಯಾಗಿ ಕೂತಿದೆಯಾ ನೋಡಲು, ಬೇರೇನಕ್ಕೂ ಅಲ್ಲ.
ಅವಳ ಹೆಸರಿನ ಪಕ್ಕದಲ್ಲೇ ಇತ್ತು, ಹಾಗೇ, ಬಟ್ಟೆಯಿಲ್ಲದೆ.
ಒಂದು ಹೆಸರು, ಒಂದು ಇಸವಿ.
ನಮ್ಮ ಮನೆಯಲ್ಲಿ ಯಾರದೂ ಅಲ್ಲದ ಹೆಸರು,
ನಾನು ಹುಟ್ಟುವ ಮುಂಚಿನ ಇಸವಿ.

ಅದನ್ನು ಇಲ್ಲಿ ಬರೆಯುವುದಿಲ್ಲ.

ಸಾದಿಕ್ ಕುರ್ಚಿ ಎಳೆದುಕೊಂಡು ಬರುತ್ತಿದ್ದ.
ಪುಟ ಮುಚ್ಚಿದೆ, ಪೆನ್ನು ಬೀಳಿಸಿದೆ, ಸುಮ್ಮನೆ ಕೆಮ್ಮಿದೆ.
ಆಮೇಲೆ, ಮೂರು ವಾರದಿಂದ ತಪ್ಪಿಸಿಕೊಂಡಿದ್ದ
ಹ್ಯಾಶ್ ಪಾಠ ತೆಗೆದೆ.
ಗುಟ್ಟಿಗೆ ಮೊದಲು ಉಪ್ಪು ಬೆರೆಸಬೇಕಂತೆ,
ನಿಜಕ್ಕೂ ಅದರ ಹೆಸರೇ ಉಪ್ಪು.
ಒಬ್ಬೊಬ್ಬರಿಗೆ ಒಂದೊಂದು ಚಿಟಿಕೆ,
ಇಬ್ಬರ ಗುಟ್ಟು ಒಂದೇ ಆದರೂ ರುಚಿ ಬೇರೆಯಾಗಲೆಂದು.
ಆಮೇಲೆ ಅರೆಯುವುದು. ಅರೆದದ್ದು ಹಿಂದಕ್ಕೆ ಬರದು.
"ಅದು ಹೇಗೆ ಬರಲ್ಲ?" ಸಾದಿಕ್ ಕೇಳಿದ.
ಈ ಊರಲ್ಲಿ ಹುಟ್ಟಿ ಕೇಳುವ ಮಾತಾ ಅದು?
ಬಿಚ್ಚಿದ ನೂಲನ್ನು ಯಾವನಾದರೂ
ಮತ್ತೆ ಗೂಡು ಕಟ್ಟಿಸಿದ್ದುಂಟಾ!

ಎಂಟರ್ ಒತ್ತಿದೆ. ಹೆಸರು ಹೋಗಿ
ಅರವತ್ತು ಅಕ್ಷರದ ಕಸ ಬಂದು ಕೂತಿತು.
ಟೇಬಲ್ಲಿನಿಂದ ಅಳಿಯಿತು.
ನನ್ನಲ್ಲಿ ಅಳಿಸುವ ಬಟನ್ನು ಎಲ್ಲಿದೆಯೋ.

ಪ್ರಾಜೆಕ್ಟಿಗೆ ಐವತ್ತಕ್ಕೆ ನಲವತ್ತನಾಲ್ಕು.
ಸಾಬರು ಇನ್ನೂ ಕೆಂಪು ಪುಸ್ತಕವನ್ನೇ ಕೂಗುತ್ತಾರೆ,
"ನೋಡೋಣಮ್ಮ, ಹಬ್ಬ ಕಳೀಲಿ" ಅನ್ನುತ್ತಾರೆ.
ಅಮ್ಮ ಮಾತ್ರ ದಿನಾ ರಾತ್ರಿ ಒಮ್ಮೆ ಒಳಗೆ ಹೋಗಿ
ತನ್ನ ಬಾಕಿ ನೋಡಿ ಹೊರಗೆ ಬರುತ್ತಾಳೆ.
ಬಾಕಿ ನೋಡಲೋ, ಆ ಹೆಸರು ಒಮ್ಮೆ ಬರೆಯಲೋ,
ನಾನು ಕೇಳಿಲ್ಲ.

ಅವಳೇ ಕೇಳಿದಳು, ಸಾರು ಕುದಿಯುವಾಗ:
"ನಾನು ಬರ್ದಿದ್ದು ಯಾರಿಗೂ ಕಾಣಲ್ಲ ತಾನೆ?"
"ಈಗ ಯಾರಿಗೂ ಕಾಣಲ್ಲ."
ಆ 'ಈಗ' ಅವಳಿಗೆ ಕೇಳಿಸಿತೋ ಏನೋ,
ಸೌಟು ಒಂದು ಕ್ಷಣ ನಿಂತಿತು.
ನನ್ನ ಅಂಗೈಗೆ ಒಂದು ಹನಿ ಸಾರು ಹಾಕಿ
"ಉಪ್ಪು ನೋಡು" ಅಂದಳು.
ಸರಿಯಿದೆ ಅಂದೆ.
ಸ್ವಲ್ಪ ಹೆಚ್ಚೇ ಇತ್ತು.